ಕಾಲು ಒದ್ದೆಯಾಗದಂತೆ ಸಾಗರವಿಜ್ಞಾನ

ಕಡಲನ್ನೂ ಭೂಮಿಯನ್ನೂ ಪುಸ್ತಕ ಓದಿ ತಿಳಿಯಬೇಕೆಂಬ ಆಸೆ ಒಳ್ಳೊಳ್ಳೆಯವರಿಗೂ ಒಮ್ಮೊಮ್ಮೆ ಬಂದುಬಿಡುತ್ತದೆ. ಗಾಬರಿ ಬೇಡ. ಕ್ರಮಬದ್ಧವಾಗಿ ಮುಂದುವರಿದರೆ ಈ ಆಸೆಯನ್ನು ವರ್ಷಗಟ್ಟಲೆ ಜೋಪಾನ ಮಾಡಬಹುದು. ಕಪಾಟು ತುಂಬಿಸಬಹುದು, ಹತ್ತು ಜನರ ನಡುವೆ ತಿಳಿದವರೆನಿಸಿಕೊಳ್ಳಬಹುದು, ಇಷ್ಟೆಲ್ಲ ಆದ ಮೇಲೂ ಸಮುದ್ರದಲ್ಲಿ ಉಬ್ಬರ ಯಾಕೆ ಬರುತ್ತದೆಂದು ತಿಳಿಯದ ನಿರ್ಮಲ ಸ್ಥಿತಿಯಲ್ಲೇ ಉಳಿಯಬಹುದು. ಕೆಳಗಿನ ಸೂಚನೆಗಳಲ್ಲಿ ಒಂದನ್ನೂ ಬಿಡದೆ ಪಾಲಿಸಿ. ಮಧ್ಯೆ ಕೈತಪ್ಪಿ ಪುಸ್ತಕ ಓದಿಬಿಟ್ಟರೆ ನಾವು ಹೊಣೆಯಲ್ಲ.

1. ಮೊದಲು ಪಟ್ಟಿ ಮಾಡಿ

ಪುಸ್ತಕಕ್ಕೆ ಕೈಹಾಕುವ ಮುಂಚೆ ಪಟ್ಟಿಗೆ ಕೈಹಾಕಿ. ಭೂಗೋಳದ ಮೇಷ್ಟ್ರು, ಮರ್ಚೆಂಟ್ ನೇವಿಯಲ್ಲಿರುವ ಭಾವಮೈದ, ಗಣಿ ಇಲಾಖೆಯಿಂದ ನಿವೃತ್ತರಾದ ಪಕ್ಕದ ಮನೆಯವರು, ಯಾರನ್ನೂ ಬಿಡದೆ ಕೇಳಿ. ಪ್ರಶ್ನೆ ಮಾತ್ರ ಇಷ್ಟೇ ಇರಲಿ: "ಸಾಗರವಿಜ್ಞಾನಕ್ಕೆ ಬೆಸ್ಟ್ ಬುಕ್ ಯಾವುದು ಸಾರ್?" ಇದಕ್ಕಿಂತ ಒಂದಕ್ಷರ ಹೆಚ್ಚು ಬೇಡ. ನಿಮಗೆ ಬೇಕಾದದ್ದು ಅಲೆ, ಪ್ರವಾಹಗಳ ಭೌತವಿಜ್ಞಾನವೋ, ಉಪ್ಪುನೀರಿನ ರಸಾಯನವಿಜ್ಞಾನವೋ, ಮೀನು ಮತ್ತು ಪ್ಲವಕಗಳ ಜೀವವಿಜ್ಞಾನವೋ, ಕಡಲತಳದ ಭೂವಿಜ್ಞಾನವೋ ಎಂದು ಬಿಡಿಸಿ ಹೇಳಿದಿರಾದರೆ ಅವರು ಥಟ್ಟನೆ ಒಂದೇ ಒಂದು ಪುಸ್ತಕದ ಹೆಸರು ಹೇಳಿಬಿಡುತ್ತಾರೆ. ಒಂದೇ ಪುಸ್ತಕವಿದ್ದರೆ ಅದನ್ನು ಓದಬೇಕಾಗುತ್ತದೆ.

ಬಂದ ಹೆಸರುಗಳನ್ನೆಲ್ಲ ಎಕ್ಸೆಲ್‌ನಲ್ಲಿ ಹಾಕಿ. ಲೇಖಕ, ವರ್ಷ, ಪುಟ, ಬೆಲೆ, ಕೊನೆಗೆ 'ಸ್ಥಿತಿ' ಎಂಬ ಒಂದು ಕಾಲಂ. ಸ್ಥಿತಿಯಲ್ಲಿ ಎಲ್ಲಕ್ಕೂ 'ಶೀಘ್ರದಲ್ಲಿ' ಎಂದು ತುಂಬಿ. ಭಾನುವಾರಕ್ಕೊಮ್ಮೆ ಬಣ್ಣ ಬದಲಾಯಿಸಿ, ಅಕಾರಾದಿಯಾಗಿ ಜೋಡಿಸಿ. ಮುಂದಿನ ಭಾನುವಾರ ವರ್ಷದ ಪ್ರಕಾರ ಮತ್ತೆ ಜೋಡಿಸಿ. ಇಬ್ಬರು ಮೂವರು ಒಂದೇ ಪುಸ್ತಕ ಹೇಳಿದರೆ ಅದನ್ನು ಪಟ್ಟಿಯಿಂದ ತೆಗೆದುಹಾಕಿ. ಅಷ್ಟು ಜನಕ್ಕೆ ಅರ್ಥವಾದದ್ದು ನಿಮಗೂ ಅರ್ಥವಾಗಿಬಿಡುವ ಸಾಧ್ಯತೆ ಇರುತ್ತದೆ.

2. ತುದಿಯಿಂದ ಹತ್ತಿ

ಮೆಟ್ಟಿಲು ಹತ್ತುವವರು ಕೆಳಗಿನಿಂದ ಶುರುಮಾಡುತ್ತಾರೆ, ಆದ್ದರಿಂದಲೇ ಮೇಲೆ ತಲುಪಿಬಿಡುತ್ತಾರೆ. ನೀವು ಆ ತಪ್ಪು ಮಾಡಬೇಡಿ. ಮೊದಲ ಪುಸ್ತಕವಾಗಿ ಏಡ್ರಿಯನ್ ಗಿಲ್ ಅವರ 1982ರ 'ಅಟ್ಮಾಸ್ಫಿಯರ್-ಓಷನ್ ಡೈನಮಿಕ್ಸ್' ತರಿಸಿ. ಗಾಳಿ, ನೀರು ಎರಡರ ಚಲನೆಯನ್ನೂ ಗಣಿತದಲ್ಲಿ ಕಟ್ಟಿಕೊಡುವ, 600 ಪುಟ ಮೀರಿದ ಗಟ್ಟಿ ಗ್ರಂಥ. ಸಂಶೋಧನೆಗಿಳಿದ ವಿದ್ಯಾರ್ಥಿಗಳಿಗೆ ಅದು ದಾರಿದೀಪ. ಡಿಗ್ರಿಯ ನಂತರ ಕ್ಯಾಲ್ಕುಲಸ್ ಮುಟ್ಟದ ನಿಮಗೆ ಅದು ಗೌರವಾನ್ವಿತ ಸೋಲು. ಕೆಲವು ಅಧ್ಯಾಯ ಕಳೆದು ಸಮೀಕರಣಗಳು ಸಾಲುಗಟ್ಟಿ ನಿಂತ ಕಡೆ ಪುಸ್ತಕ ಮುಚ್ಚಿ. "ಗಿಲ್ ಓದುತ್ತಾ ಇದ್ದೀನಿ, ಸ್ವಲ್ಪ ಹೆವಿ" ಎನ್ನಿ. ಈ ಒಂದು ಮಾತು ಎರಡು ವರ್ಷ ಬಾಳಿಕೆ ಬರುತ್ತದೆ.

ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಭೌತಿಕ ಭೂಗೋಳದ ಪಠ್ಯಪುಸ್ತಕದಿಂದ ಮಾತ್ರ ಮಾರು ದೂರವಿರಿ. ತೆಳ್ಳಗಿದೆ, ಅಗ್ಗವಾಗಿದೆ. ಅದರಲ್ಲಿ ಖಂಡಗಳೂ ಸಾಗರಗಳೂ ಹೇಗೆ ಹಂಚಿಹೋದವು ಎಂಬುದಕ್ಕೆ ಒಂದು ಅಧ್ಯಾಯ, ಸಾಗರದ ನೀರಿಗೆ ಒಂದು, ಆ ನೀರಿನ ಚಲನೆಗೆ ಇನ್ನೊಂದು. ಐಎಎಸ್‌ಗೆ ಕೂರುವ ಹುಡುಗರು ಅದನ್ನು ಒಂದು ವಾರದಲ್ಲಿ ಓದಿ ಮುಗಿಸುತ್ತಾರೆ. ಯಾರಾದರೂ ಕೈಗಿಟ್ಟರೆ "ಛೆ, ಮಕ್ಕಳ ಪುಸ್ತಕ" ಎಂದು ನಕ್ಕು ವಾಪಸು ಕೊಡಿ.

3. ಪ್ರಕಟಣೆಯ ವರ್ಷ ನೋಡಬೇಡಿ

ಬೆಂಗಳೂರಿನವರಾದರೆ ಅವೆನ್ಯೂ ರಸ್ತೆಗೆ ಹೋಗಿ. ಹಳೆಯ ಪುಸ್ತಕದ ರಾಶಿಯಲ್ಲಿ ರಟ್ಟು ಕಿತ್ತುಬಂದ ಭೂವಿಜ್ಞಾನದ ಪಠ್ಯವೊಂದನ್ನು ಆರಿಸಿ. ಅದು 1960ಕ್ಕಿಂತ ಹಿಂದಿನದಾಗಿದ್ದರೆ ನಿಮ್ಮ ಅದೃಷ್ಟ. ಕಡಲತಳ ನಡುವೆ ಬಿರಿದು ಎರಡೂ ಕಡೆಗೆ ಸರಿಯುತ್ತಿದೆ ಎಂದು ಹ್ಯಾರಿ ಹೆಸ್ ಮಂಡಿಸಿದ್ದು 1962ರಲ್ಲಿ. ತಳದ ಬಂಡೆಯಲ್ಲಿ ಅಚ್ಚಾದ ಕಾಂತೀಯ ಪಟ್ಟೆಗಳಿಂದ ವೈನ್ ಮತ್ತು ಮ್ಯಾಥ್ಯೂಸ್ ಅದಕ್ಕೆ ಬಲ ಕೊಟ್ಟದ್ದು 1963ರಲ್ಲಿ. ಭೂಫಲಕಗಳ ಸಿದ್ಧಾಂತ ಗಟ್ಟಿಯಾಗಿ ನೆಲೆಯೂರಿದ್ದು ಆ ದಶಕದ ಕೊನೆಯ ಹೊತ್ತಿಗೆ. ಅದಕ್ಕೂ ಹಿಂದಿನ ಬಹುಪಾಲು ಪಠ್ಯಗಳಲ್ಲಿ ಖಂಡಗಳು ಇದ್ದಲ್ಲೇ ಇರುತ್ತವೆ. ಅದನ್ನೇ ಕಲಿಯಿರಿ. ಹಿಮಾಲಯ ಯಾಕೆ ಎದ್ದಿತು ಎಂದು ಯಾರಾದರೂ ಕೇಳಿದರೆ, ಭೂಮಿ ತಣಿದು ಕುಗ್ಗಿದಾಗ ಮೈಸುಕ್ಕುಗಟ್ಟಿತು ಎಂದು ಧೈರ್ಯವಾಗಿ ಹೇಳಿ. ಪುಟ ಸಂಖ್ಯೆಯನ್ನೂ ಕೊಡಿ.

ಇಲ್ಲಿ ಒಂದು ಎಚ್ಚರಿಕೆ. ಆರ್ಥರ್ ಹೋಮ್ಸ್ ಅವರ 1944ರ 'ಪ್ರಿನ್ಸಿಪಲ್ಸ್ ಆಫ್ ಫಿಸಿಕಲ್ ಜಿಯಾಲಜಿ' ಸಿಕ್ಕರೆ ಕೊಳ್ಳಿ, ಆದರೆ ಕೊನೆಯ ಅಧ್ಯಾಯಕ್ಕೆ ಹೋಗಬೇಡಿ. ಮಿಕ್ಕವರು ಖಂಡಗಳ ಅಲೆತವನ್ನು ಗೇಲಿ ಮಾಡುತ್ತಿದ್ದ ಕಾಲದಲ್ಲೇ ಆ ಮನುಷ್ಯ ಅದಕ್ಕೊಂದು ಅಧ್ಯಾಯ ಮೀಸಲಿಟ್ಟರು. ಒಳಗಿನ ಬಿಸಿ ಶಿಲೆ ನಿಧಾನವಾಗಿ ಮೇಲೇಳುತ್ತ, ಪಕ್ಕಕ್ಕೆ ಹರಿಯುತ್ತ, ಮತ್ತೆ ಕೆಳಗಿಳಿಯುತ್ತ ಖಂಡಗಳನ್ನು ಹೊತ್ತು ಸಾಗಿಸುತ್ತದೆಂದು ಚಿತ್ರ ಸಮೇತ ಬರೆದರು. ಪುಸ್ತಕದ ಕೊನೆಯ ಅಧ್ಯಾಯ ಓದುವ ಚಟ ನಿಮಗಿಲ್ಲದಿರುವುದರಿಂದ ಅಪಾಯ ಕಡಿಮೆ.

ಆಲ್‌ಫ್ರೆಡ್ ವೆಗೆನರ್ ಅವರ 1915ರ ಪುಸ್ತಕವನ್ನೂ ಪಟ್ಟಿಗೆ ಸೇರಿಸಿ, ಆದರೆ ಅದನ್ನು ಬಳಸುವುದು ಹೀಗೆ. ಆ ಮನುಷ್ಯ ಹವಾಮಾನ ವಿಜ್ಞಾನಿ, ಭೂವಿಜ್ಞಾನಿಯಲ್ಲ. ಖಂಡಗಳು ಅಲೆಯುತ್ತವೆ ಅಂದಾಗ ತಜ್ಞರು ನಕ್ಕರು. 1930ರಲ್ಲಿ ಗ್ರೀನ್‌ಲ್ಯಾಂಡ್‌ನ ಹಿಮದಲ್ಲಿ ತೀರಿಕೊಂಡರು. ಇಷ್ಟು ಹೇಳಿ, "ನನ್ನನ್ನೂ ಈಗ ಯಾರೂ ನಂಬುವುದಿಲ್ಲ" ಎಂದು ಸೇರಿಸಿ. ಎರಡೂ ಬದಿಯ ಕಡಲತೀರಗಳಲ್ಲಿ ಒಂದೇ ಬಗೆಯ ಪಳೆಯುಳಿಕೆ, ಒಂದೇ ಬಗೆಯ ಶಿಲೆ ಸಿಕ್ಕದ್ದನ್ನು ಅವರು ಎಷ್ಟು ತಾಳ್ಮೆಯಿಂದ ಕಲೆಹಾಕಿದ್ದರು ಎಂಬ ಭಾಗ ಬಿಟ್ಟುಬಿಡಿ. ಅದು ನಿಮಗೆ ಅನ್ವಯಿಸುವುದಿಲ್ಲ.

ರೇಚಲ್ ಕಾರ್ಸನ್ ಅವರ 'ದ ಸೀ ಅರೌಂಡ್ ಅಸ್' 1951ರದು. ಚಂದ್ರ ಶಾಂತಸಾಗರದಿಂದ ಕಿತ್ತುಹೋದ ತುಂಡು ಎಂಬ ಆ ಕಾಲದ ಊಹೆಯೂ ಅದರಲ್ಲಿದೆ. ಪುಸ್ತಕದಲ್ಲಿ ಅದೊಂದನ್ನು ಮಾತ್ರ ಬಾಯಿಪಾಠ ಮಾಡಿ. ಅಪೋಲೋ ಯಾತ್ರಿಗಳು ತಂದ ಕಲ್ಲುಗಳನ್ನು ಪರೀಕ್ಷಿಸಿದ ಮೇಲೆ, ಎಳೆಯ ಭೂಮಿಗೆ ಮಂಗಳದಷ್ಟು ದೊಡ್ಡ ಕಾಯವೊಂದು ಅಪ್ಪಳಿಸಿ ಚಂದ್ರ ಹುಟ್ಟಿತೆಂಬ ವಿವರಣೆ ಮೇಲುಗೈ ಪಡೆದದ್ದು ನಿಮ್ಮ ಗಮನಕ್ಕೆ ಬಾರದಿರಲಿ. ಪುಸ್ತಕದ ಮಿಕ್ಕ ಭಾಗ ಅಪಾಯಕಾರಿ. ಅಲೆ, ಉಬ್ಬರ, ಆಳದ ಕತ್ತಲು ಕುರಿತ ಅಧ್ಯಾಯಗಳನ್ನು ಒಂದು ಪುಟ ಅಂತ ಶುರುಮಾಡಿದವರು ರಾತ್ರಿ ಊಟಕ್ಕೂ ಏಳದೆ ಕೂತದ್ದುಂಟು.

4. ಗಾತ್ರವನ್ನು ನೆಚ್ಚಿಕೊಳ್ಳಿ

ಓದುವುದನ್ನು ಮುಂದೂಡಲು ದಪ್ಪ ಪುಸ್ತಕದಷ್ಟು ನಂಬಿಗಸ್ತ ಸಂಗಾತಿ ಬೇರೆ ಇಲ್ಲ. 1942ರ 'ದ ಓಷನ್ಸ್' ಸಾಕಷ್ಟು ಒಳ್ಳೆಯದು: ಸ್ವರ್ಡ್ರಪ್, ಜಾನ್ಸನ್, ಫ್ಲೆಮಿಂಗ್ ಮೂವರು ಬರೆದ, ಸಾವಿರ ಪುಟ ದಾಟಿದ ಗ್ರಂಥ. ಆದರೆ ಇನ್ನೂ ಮೇಲಿನದಕ್ಕೆ ಗುರಿಯಿಡಿ. ಬ್ರಿಟನ್ನಿನ 'ಚಾಲೆಂಜರ್' ಹಡಗು 1872ರಲ್ಲಿ ಹೊರಟು 1876ರಲ್ಲಿ ಮರಳಿತು. ಹಗ್ಗ ಇಳಿಬಿಟ್ಟು ಆಳ ಅಳೆಯುತ್ತ, ತಳದ ಕೆಸರು ಬಾಚುತ್ತ, ಕಡಲಿನಿಂದ ಕಡಲಿಗೆ ಅಲೆಯಿತು. ಅದರ ವರದಿ ಅಚ್ಚಾಗಿ ಮುಗಿಯಲು 1895 ಬಂತು: 50 ಸಂಪುಟ, ಸುಮಾರು 29,500 ಪುಟ.

"ಮೂಲದಿಂದಲೇ ಶುರು ಮಾಡೋಣ ಅಂತ" ಎಂದು ಘೋಷಿಸಿ. ದಿನಕ್ಕೆ 10 ಪುಟದಂತೆ ಎಂಟು ವರ್ಷಕ್ಕೆ ಮುಗಿಯುತ್ತದೆಂದು ಲೆಕ್ಕ ಹಾಕಿ ಮನೆಯವರಿಗೆ ತೋರಿಸಿ. ಯುಗಾದಿಯಿಂದ ಶುರು ಎನ್ನಿ. ಯಾವ ಯುಗಾದಿ ಎಂದು ಹೇಳಬೇಡಿ.

5. ಶೀರ್ಷಿಕೆಯ ಆಚೆ ಹೋಗಬೇಡಿ

ಜೂಲ್ಸ್ ವರ್ನ್‌ನ 1870ರ ಕಾದಂಬರಿಯನ್ನು ಪಟ್ಟಿಯಲ್ಲಿ ವಿಜ್ಞಾನಗ್ರಂಥವಾಗಿ ಇಡಿ. ಕಡಲಿನ ಆಳ 20,000 ಲೀಗ್ ಎಂದು ಶೀರ್ಷಿಕೆಯಿಂದಲೇ ತೀರ್ಮಾನಿಸಿ. ಒಂದು ಲೀಗ್‌ಗೆ ನಾಲ್ಕು ಕಿಲೋಮೀಟರ್ ಹಿಡಿದರೆ 80,000 ಕಿಲೋಮೀಟರ್ ಆಗುತ್ತದೆ. ಭೂಮಿಯ ವ್ಯಾಸ 12,742 ಕಿಲೋಮೀಟರ್. ಅಷ್ಟು ಆಳಕ್ಕೆ ಇಳಿದ ಜಲಾಂತರ್ಗಾಮಿ ಆಚೆ ಬದಿಯಿಂದ ಹೊರಬಿದ್ದು ಆಕಾಶದಲ್ಲಿ ಎಷ್ಟು ದೂರ ಹೋಗಿರಬೇಕೆಂಬ ಪ್ರಶ್ನೆ ಎದ್ದರೆ ಅಲ್ಲೇ ಅದುಮಿಬಿಡಿ. ಅದು ನೀರಿನೊಳಗೆ ಸಾಗಿದ ದೂರ, ಇಳಿದ ಆಳವಲ್ಲ ಎಂಬುದು ಪುಸ್ತಕ ತೆರೆದವರಿಗೆ ಮಾತ್ರ ತಿಳಿಯುವ ರಹಸ್ಯ. ಸಾಗರಗಳ ಸರಾಸರಿ ಆಳ ಸುಮಾರು 3,700 ಮೀಟರ್, ಅತಿ ಆಳದ ಮರಿಯಾನಾ ಕಂದಕವೂ 11 ಕಿಲೋಮೀಟರ್ ಮುಟ್ಟುವುದಿಲ್ಲ ಎಂಬ ಸಪ್ಪೆ ಅಂಕಿಗಳಿಂದ ನಿಮ್ಮ ಕಡಲನ್ನು ಕಾಪಾಡಿ.

6. ಪುಕ್ಕಟೆ ಪುಸ್ತಕದ ಅಪಾಯ

ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ರಾಬರ್ಟ್ ಸ್ಟೀವರ್ಟ್ ತಮ್ಮ 'ಇಂಟ್ರೊಡಕ್ಷನ್ ಟು ಫಿಸಿಕಲ್ ಓಷನೋಗ್ರಫಿ' ಪಠ್ಯವನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಅಂತರ್ಜಾಲದಲ್ಲಿ ಬಿಟ್ಟುಕೊಟ್ಟರು. ದುಬಾರಿ, ಸಿಗುವುದಿಲ್ಲ, ಆಮದು ಮಾಡಿಸಬೇಕು ಎಂಬ ನಮ್ಮ ಮೂರೂ ಉತ್ತಮ ನೆಪಗಳಿಗೆ ಇದು ಏಕಕಾಲಕ್ಕೆ ಬಿದ್ದ ಪೆಟ್ಟು. ಎದೆಗುಂದಬೇಡಿ. ಇಳಿಸಿಕೊಳ್ಳಿ. 'ಆಮೇಲೆ' ಎಂಬ ಫೋಲ್ಡರ್ ತೆರೆದು ಅದರೊಳಗೆ ಹಾಕಿ, ಆ ಫೋಲ್ಡರನ್ನು 'ಹೊಸ ಆಮೇಲೆ' ಎಂಬ ಫೋಲ್ಡರಿನೊಳಗೆ ಹಾಕಿ. ಆಮೇಲೆ ಮೊಬೈಲ್ ಬದಲಾಯಿಸಿ. ಹತ್ತು ಗುಂಪುಗಳಿಗೆ ಕಳಿಸಲು ಮಾತ್ರ ಮರೆಯಬೇಡಿ.

7. ಕನ್ನಡದಲ್ಲಿ ಏನೂ ಇಲ್ಲ ಎನ್ನಿ

ಯಾವ ಗೋಷ್ಠಿಯಲ್ಲಾದರೂ ಕೈಯೆತ್ತಿ, "ಕನ್ನಡದಲ್ಲಿ ವಿಜ್ಞಾನವೇ ಬಂದಿಲ್ಲ" ಎಂದು ನೊಂದುಕೊಳ್ಳಿ. ಸಾಧ್ಯವಾದರೆ ಇಂಗ್ಲಿಷಿನಲ್ಲಿ ನೊಂದುಕೊಳ್ಳಿ. ಶಿವರಾಮ ಕಾರಂತರು ಒಬ್ಬರೇ ಕೂತು ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದದ್ದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯಲ್ಲಿ ದುಡಿದ ಟಿ.ಆರ್. ಅನಂತರಾಮು ಕಲ್ಲು, ಭೂಕಂಪ, ಕಡಲುಗಳ ಬಗ್ಗೆ ದಶಕಗಳಿಂದ ಕನ್ನಡದಲ್ಲೇ ಬರೆಯುತ್ತ ಬಂದದ್ದು ನಿಮಗೆ ತಿಳಿದಿರಬಾರದು. ಬಿ.ಪಿ. ರಾಧಾಕೃಷ್ಣ ಮತ್ತು ಆರ್. ವೈದ್ಯನಾಧನ್ ಇಂಗ್ಲಿಷಿನಲ್ಲಿ ಬರೆದ 'ಜಿಯಾಲಜಿ ಆಫ್ ಕರ್ನಾಟಕ'ವನ್ನು ಹೊರತಂದ ಭಾರತೀಯ ಭೂವೈಜ್ಞಾನಿಕ ಸಂಘ ಇರುವುದು ಬೆಂಗಳೂರಿನಲ್ಲೇ. ನಿಮ್ಮ ಮನೆಯಿಂದ ಆಟೋದಲ್ಲಿ ಹೋಗಿ ಬರುವಷ್ಟು ಹತ್ತಿರ ಸಿಗುವ ಪುಸ್ತಕಕ್ಕೆ ಬೆಲೆ ಕೊಡಬೇಡಿ. ಲಂಡನ್ನಿನಿಂದ ಆರು ವಾರಕ್ಕೆ ಬರುವುದೇ ಪುಸ್ತಕ.

8. ಪುಸ್ತಕವನ್ನು ಮನೆಯಿಂದಾಚೆ ಒಯ್ಯಬೇಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಸೂಚನೆ, ನಿಧಾನವಾಗಿ ಓದಿ. ಭೂವಿಜ್ಞಾನದ ಪುಸ್ತಕ ಕಪಾಟಿನಲ್ಲಿರುವ ತನಕ ನಿರುಪದ್ರವಿ. ಅದನ್ನು ಕಲ್ಲಿನ ಪಕ್ಕಕ್ಕೆ ಒಯ್ದಿರೋ, ಎರಡೂ ಸೇರಿ ಮಾತಾಡಲು ಶುರುಮಾಡುತ್ತವೆ.

ಲಾಲ್‌ಬಾಗಿಗೆ ಹೋದಾಗ ಕೆಂಪೇಗೌಡ ಗೋಪುರದ ಬಂಡೆಯ ಮೇಲೆ ಕೂತು ಚುರುಮುರಿ ತಿನ್ನಿ, ಸೆಲ್ಫಿ ತೆಗೆಯಿರಿ, ಊರಿನ ಕಟ್ಟಡಗಳನ್ನು ಬೆರಳು ಮಾಡಿ ತೋರಿಸಿ. ಕೆಳಗೆ ನೋಡಬೇಡಿ. ನೋಡಿದರೆ ಬೂದುಬಣ್ಣದ ಕಲ್ಲಿನಲ್ಲಿ ಬಿಳಿ ಮತ್ತು ಕಪ್ಪು ಪಟ್ಟೆಗಳು ಬಳುಕುತ್ತ ಸಾಗಿ, ಒಂದೆಡೆ ಮಡಚಿಕೊಂಡು, ಇನ್ನೊಂದೆಡೆ ತುಂಡಾದದ್ದು ಕಾಣುತ್ತದೆ. ಅದು ಪರ್ಯಾಯದ್ವೀಪದ ನೈಸ್ ಶಿಲೆ, ವಯಸ್ಸು ಸುಮಾರು 300 ಕೋಟಿ ವರ್ಷ. ಆಳದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಕಲ್ಲೇ ಕಣಕದಂತೆ ಮಿದುವಾದಾಗ ಮೂಡಿದ ಪಟ್ಟೆಗಳು ಅವು. ಪಕ್ಕದಲ್ಲೇ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಫಲಕವೂ ಇದೆ. ಅದಕ್ಕೆ ಬ್ಯಾಗು ಒರಗಿಸಿ ಇಡಿ.

ಚಿತ್ರದುರ್ಗದ ಕಡೆ ಹೋದರೆ ಕೋಟೆ ನೋಡಿ, ಒನಕೆ ಓಬವ್ವನ ಕಿಂಡಿ ನೋಡಿ, ವಾಪಸು ಬನ್ನಿ. ಮರಡಿಹಳ್ಳಿಗೆ ಹೋಗಬೇಡಿ. ಅಲ್ಲಿ ಬಯಲಿನ ನಡುವೆ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ದುಂಡನೆಯ ಲಾವಾ ಕಲ್ಲುಗಳಿವೆ. ಬೆಂಕಿಯಂಥ ಲಾವಾ ನೀರಿನೊಳಗೆ ಉಕ್ಕಿದಾಗ ಹೊರಮೈ ತಕ್ಷಣ ಗಟ್ಟಿಯಾಗಿ, ಒಳಗಿನದು ಇನ್ನೊಂದು ಕಡೆ ಒಡೆದು ಉಕ್ಕಿ, ಹೀಗೆ ದಿಂಬಿನ ಮೇಲೆ ದಿಂಬು ಬೀಳುತ್ತದೆ. ಎಂದರೆ ಮಳೆಗಾಗಿ ಮುಗಿಲು ನೋಡುವ ಈ ಸೀಮೆ ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಿತ್ತು. ಸಾಗರವಿಜ್ಞಾನ, ಭೂವಿಜ್ಞಾನ ಎಂದು ನೀವು ಎರಡು ಬಣ್ಣದಲ್ಲಿ ಬೇರ್ಪಡಿಸಿದ ಎಕ್ಸೆಲ್ ಹಾಳೆ ಇಲ್ಲಿ ಒಂದೇ ಏಟಿಗೆ ಕೆಟ್ಟುಹೋಗುತ್ತದೆ.

ಮಲ್ಪೆಯ ಬಂದರಿನಲ್ಲಿ ಬಲೆ ಸರಿಮಾಡುತ್ತ ಕೂತ ಹಿರಿಯರ ಹತ್ತಿರ ಮಾತಿಗೆ ನಿಲ್ಲಬೇಡಿ. "ಇವತ್ತು ಅಷ್ಟಮಿ ಅಲ್ವಾ ಮಾರಾಯ್ರೆ, ನೀರು ಅಷ್ಟೇನು ಏರುದಿಲ್ಲ. ಹುಣ್ಣಿಮೆಗೆ ಬನ್ನಿ, ನೋಡುವಿರಂತೆ" ಎಂದು ಅವರು ತಲೆಯೆತ್ತದೆ ಹೇಳಿಬಿಡುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬಂದು ಉಬ್ಬರ ಹೆಚ್ಚುತ್ತದೆ, ಅಷ್ಟಮಿಯಲ್ಲಿ ಅಡ್ಡಡ್ಡ ಬಿದ್ದು ತಗ್ಗುತ್ತದೆ. ಪುಸ್ತಕದಲ್ಲಿ ಎರಡು ಚಿತ್ರ, ಒಂದು ಅಧ್ಯಾಯ ಬೇಡುವ ಸಂಗತಿ ಮನೆಯ ಪಂಚಾಂಗದಲ್ಲೇ ಇತ್ತೆಂದು ಗೊತ್ತಾದರೆ ಪಟ್ಟಿಯ ಮೇಲಿನ ಭಕ್ತಿ ಸಡಿಲವಾಗುತ್ತದೆ.

9. ಓದಿದಂತೆ ಕಾಣಿಸಿ

ಮೊದಲ ಹತ್ತು ಪುಟ ಮಾತ್ರ ಕೊಳೆಯಾದ ಪುಸ್ತಕ ಒಡೆಯನನ್ನು ಹಿಡಿದುಕೊಡುತ್ತದೆ. ಆದ್ದರಿಂದ ಅಲ್ಲಲ್ಲಿ ಪುಟ ತೆರೆದು ಕೈಯುಜ್ಜಿ. ಒಂದೆಡೆ ಕಾಫಿ ಲೋಟದ ಉಂಗುರ ಮೂಡಿಸಿ. ಮುಕ್ಕಾಲು ಭಾಗ ದಾಟಿದ ಮೇಲೆ ಬಸ್ ಟಿಕೆಟ್ ಇಡಿ. ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಲೇಖಕನೊಡನೆ ನಿಮಗೆ ಭಿನ್ನಾಭಿಪ್ರಾಯವಿದೆ ಎಂದು ಎಲ್ಲರೂ ಭಾವಿಸುತ್ತಾರೆ.

ಹಜಾರದ ಗೋಡೆಗೆ 1977ರ ವಿಶ್ವಸಾಗರತಳದ ಭೂಪಟ ತೂಗುಹಾಕಿ. ಬಣ್ಣ ಚೆನ್ನಾಗಿದೆ, ಸೋಫಾಕ್ಕೆ ಹೊಂದುತ್ತದೆ. ಅಟ್ಲಾಂಟಿಕ್ ನಡುವೆ ಹೊಲಿಗೆ ಹಾಕಿದಂತೆ ಉದ್ದಕ್ಕೂ ಇಳಿದ ಪರ್ವತಸಾಲನ್ನು ಯಾರಾದರೂ ಕೇಳಿದರೆ "ಡಿಸೈನ್" ಎನ್ನಿ. ಆ ಸಾಲಿನ ನೆತ್ತಿಯಲ್ಲೊಂದು ಸೀಳುಕಣಿವೆ ಇದೆಯೆಂದು, ಹಡಗುಗಳು ಕಳಿಸಿದ ಆಳದ ಅಂಕಿಗಳನ್ನು ಮೇಜಿನ ಮೇಲೆ ಹರವಿಕೊಂಡು 1950ರ ದಶಕದ ಆರಂಭದಲ್ಲಿ ಕಂಡುಹಿಡಿದವರು ಮೇರಿ ಥಾರ್ಪ್. ಹೆಣ್ಣೆಂಬ ಕಾರಣಕ್ಕೆ ಆಕೆಯನ್ನು ಆಗ ಹಡಗು ಹತ್ತಿಸಿರಲಿಲ್ಲ. ಜೊತೆಗಾರ ಬ್ರೂಸ್ ಹೀಝನ್ ಮೊದಲಿಗೆ ಅದನ್ನು ಹುಡುಗಿಯರ ಹರಟೆ ಎಂದು ತಳ್ಳಿಹಾಕಿ, ಆಮೇಲೆ ಒಪ್ಪಿದರು. ಆಕೆಯ ಬದುಕನ್ನು ಕುರಿತ ಹಾಲಿ ಫೆಲ್ಟ್ ಅವರ 'ಸೌಂಡಿಂಗ್ಸ್' ನಿಮ್ಮ ಪಟ್ಟಿಯಲ್ಲಿ ಬೇಡ. ಆಕೆ ಕಾಲು ಒದ್ದೆಮಾಡಿಕೊಳ್ಳದೆಯೇ ಕಡಲು ಕಲಿತವರು. ನಿಮ್ಮ ಉಪಾಯಕ್ಕೆ ಇದು ಒಪ್ಪುವಂತೆ ಕಂಡರೂ ಮೋಸಹೋಗಬೇಡಿ, ಆಕೆ ಅಂಕಿಗಳನ್ನು ನಿಜವಾಗಿಯೂ ನೋಡುತ್ತಿದ್ದರು.

ಚರ್ಚೆ ಬಿಗಿಯಾದರೆ ಈ ವಾಕ್ಯ ಬಳಸಿ: "ಚಂದ್ರನ ಬಗ್ಗೆ ಗೊತ್ತಿರುವಷ್ಟೂ ನಮಗೆ ಸಮುದ್ರದ ತಳದ ಬಗ್ಗೆ ಗೊತ್ತಿಲ್ಲ." ಎಲ್ಲರೂ ತಲೆದೂಗುತ್ತಾರೆ. ಇಲ್ಲಿ 'ನಮಗೆ' ಎನ್ನುವುದು ಬಹಳ ಉಪಯುಕ್ತ ಸರ್ವನಾಮ. ನಿಮ್ಮೊಬ್ಬರಿಗೇ ಗೊತ್ತಿಲ್ಲದ್ದನ್ನು ಅದು ಮನುಕುಲಕ್ಕೆಲ್ಲ ಹಂಚಿಬಿಡುತ್ತದೆ.

10. ಕಲಿಕೆಯ ಲಕ್ಷಣ, ಪ್ರಥಮ ಚಿಕಿತ್ಸೆ

ಇಷ್ಟೆಲ್ಲ ಎಚ್ಚರ ವಹಿಸಿದರೂ ಕೆಲವರಿಗೆ ಕಲಿಕೆ ಅಂಟಿಕೊಳ್ಳುತ್ತದೆ. ಈ ಲಕ್ಷಣಗಳು ಕಂಡರೆ ತಡಮಾಡಬೇಡಿ.

ಗಾಳಿ ಬೀಸಿದತ್ತಲೇ ನೀರು ಹೋಗುತ್ತದೆಂಬ ನಂಬಿಕೆ ಅಲುಗಾಡುವುದು. ಉತ್ತರಧ್ರುವದ ಕಡಲಿನಲ್ಲಿ ಹಿಮ ಗಾಳಿಯ ದಿಕ್ಕಿಗೆ ಸರಿಯಾಗಿ ಹೋಗದೆ ಬಲಕ್ಕೆ ವಾಲುವುದನ್ನು ನಾನ್ಸೆನ್ ಗಮನಿಸಿದ, ಭೂಮಿಯ ತಿರುಗುವಿಕೆ ಅದಕ್ಕೆ ಕಾರಣವೆಂದು ಎಕ್ಮನ್ 1905ರಲ್ಲಿ ಲೆಕ್ಕ ಕಟ್ಟಿ ತೋರಿಸಿದ ಎಂಬುದು ನೆನಪಾಗತೊಡಗಿದರೆ, ಕೂಡಲೇ ಇನ್ನೊಂದು ಪುಸ್ತಕ ಆರ್ಡರ್ ಮಾಡಿ.

ವಾಷ್‌ಬೇಸಿನ್ನಿನ ನೀರು ಸುಳಿಯುವುದೂ ಭೂಮಿ ತಿರುಗುವುದರಿಂದಲೇ ಎಂಬ ಮಾತಿನ ಮೇಲೆ ಅನುಮಾನ ಮೂಡುವುದು. ಅಷ್ಟು ಚಿಕ್ಕ ಬೋಗುಣಿಯಲ್ಲಿ ಆ ಪ್ರಭಾವ ನಗಣ್ಯ, ಬೇಸಿನ್ನಿನ ಆಕಾರವೂ ನೀರು ಸುರಿದ ರೀತಿಯೂ ಸುಳಿಯ ದಿಕ್ಕನ್ನು ತೀರ್ಮಾನಿಸುತ್ತವೆ ಎಂದು ತೋಚಿದರೆ ಸ್ಥಿತಿ ಗಂಭೀರ. ಭೂಮಧ್ಯರೇಖೆಯ ಎರಡೂ ಬದಿ ಬಕೆಟ್ಟಿಟ್ಟು ಪ್ರವಾಸಿಗರಿಗೆ ತೋರಿಸುವ ವಿಡಿಯೋವನ್ನು ಹತ್ತು ಸಲ ನೋಡಿ.

ಮೀನು ಮಾರುಕಟ್ಟೆಯಲ್ಲಿ ಬೂತಾಯಿಯ ದರ ಕೇಳಿ, ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುವುದಕ್ಕೂ ಈ ಮೀನಿಗೂ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡ ಸೇರುವುದಕ್ಕೂ ಏನು ನಂಟು ಎಂದು ಯೋಚಿಸುವುದು. ಇದು ಕೊನೆಯ ಹಂತ. ಕೋಳಿ ತಿನ್ನಿ.

11. ಈಗ ನೀವೇ ಶಿಫಾರಸು ಮಾಡಿ

ಇಲ್ಲಿಗೆ ತಲುಪಿದ್ದೀರೆಂದರೆ ನೀವು ತಜ್ಞರು. ಪಕ್ಕದ ಮನೆಯ ಪಿಯುಸಿ ಹುಡುಗಿ ಕಾಲೇಜಿನ ಪ್ರವಾಸ ಮುಗಿಸಿ ಬಂದು, "ಅಂಕಲ್, ಸೇಂಟ್ ಮೇರೀಸ್ ದ್ವೀಪದಲ್ಲಿ ಕಲ್ಲು ಯಾಕೆ ಕಂಬ ಕಂಬವಾಗಿ, ಕತ್ತರಿಸಿ ನಿಲ್ಲಿಸಿದ ಹಾಗಿದೆ? ಯಾವ ಪುಸ್ತಕ ಓದಲಿ?" ಎಂದು ಕೇಳಿದರೆ ಬೆದರಬೇಡಿ. ಪ್ರಶ್ನೆಯ ಮೊದಲರ್ಧ ಕೇಳಿಸಲಿಲ್ಲವೆಂಬಂತೆ ನಟಿಸಿ. ಪಟ್ಟಿಯ ಪ್ರಿಂಟ್ ತೆಗೆದು ಕೊಡಿ. "ಗಿಲ್‌ನಿಂದ ಶುರುಮಾಡಮ್ಮ. ಅದು ಮುಗಿದ ಮೇಲೆ ಚಾಲೆಂಜರ್" ಎಂದು ಬೆನ್ನು ತಟ್ಟಿ.

ಸಾಮಾನ್ಯವಾಗಿ ಅಲ್ಲಿಗೆ ಕೆಲಸ ಮುಗಿಯುತ್ತದೆ. ಅಪರೂಪಕ್ಕೆ ಕೆಲವರು ಪಟ್ಟಿಯನ್ನು ಮಡಚಿಟ್ಟು, ಗ್ರಂಥಾಲಯದಿಂದ ಯಾವುದೋ ತೆಳ್ಳನೆಯ ಪುಸ್ತಕ ತಂದು ಓದಿಬಿಡುತ್ತಾರೆ. ಲಾವಾ ತಣಿಯುತ್ತ ಕುಗ್ಗಿದಾಗ ಮೇಲಿನಿಂದ ಕೆಳಗೆ ಬಿರುಕು ಇಳಿದು ಕಂಬಗಳಾದವೆಂದೂ, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಕಳಚಿಕೊಳ್ಳುವಾಗ ಉಕ್ಕಿದ ಲಾವಾ ಅದೆಂದೂ ಒಂದು ವಾರದೊಳಗೆ ನಿಮ್ಮ ಬಾಗಿಲಿಗೆ ಬಂದು ಹೇಳುತ್ತಾರೆ. ಆಗ ನಗುತ್ತ, "ಯಾವ ಆವೃತ್ತಿ ಓದಿದೆ?" ಎಂದು ಕೇಳಿ. ಅದನ್ನೂ ಹೇಳಿದರೆ, ಹಿಂದಿನ ಆವೃತ್ತಿ ಇದಕ್ಕಿಂತ ಚೆನ್ನಾಗಿತ್ತು ಎಂದು ಹೇಳಿ ಬಾಗಿಲು ಹಾಕಿಕೊಳ್ಳಿ.